ಒಳಲೆ

ಮೂರನೇ ವಾರ. ಆಸ್ಪತ್ರೆಯ ಹಾಳೆಯ ಪ್ರಕಾರ
ಇವತ್ತಿನಿಂದ ನನಗೆ ಮೆತ್ತನೆಯದು ತಿನ್ನಲು ಅಪ್ಪಣೆ.
ಎರಡು ಚಮಚ, ಹೆಚ್ಚೆಂದರೆ ಮೂರು.
ನೀರು, ಅರ್ಧ ಗಂಟೆ ಬಿಟ್ಟು.
ತುತ್ತಿಗೆ ಇಪ್ಪತ್ತೈದು ಸಲ ಅಗಿಯಬೇಕಂತೆ.
ರಾಗಿ ಸರಿಯನ್ನು ಅಗಿಯುವುದು ಹೇಗೆಂದು ಬರೆದಿಲ್ಲ.
ಷಡಾಕ್ಷರಿ ಅದನ್ನು ಗೋಡೆಗೆ ಅಂಟಿಸಿದ್ದಾರೆ,
ಹಾಲಿನ ಲೆಕ್ಕದ ಪಕ್ಕ, ಕಣ್ಣಿಗೆ ಬೀಳುವ ಹಾಗೆ.

ವಿನೋಬನಗರದ ನ್ಯಾಯಬೆಲೆ ಅಂಗಡಿಯವಳು ನಾನು.
ಹತ್ತೊಂಬತ್ತು ವರ್ಷ ತಕ್ಕಡಿಯ ಮುಂದೆ ಕೂತು
ತಲೆಗೆ ಇಷ್ಟು, ಕಾರ್ಡಿಗೆ ಇಷ್ಟು ಎಂದು
ಬೀದಿಯ ಹೊಟ್ಟೆ ಅಳೆದವಳು.
ಮೊದಲು ಕಬ್ಬಿಣದ ಕಲ್ಲು, ಈಗ ಕೆಂಪು ಅಂಕಿ,
ಜಗಳಕ್ಕೆ ಬಂದವರಿಗೆ ಅಂಕಿ ತೋರಿಸಿ ಕಳಿಸಿದವಳು.
ಮನೆಗೆ ಬಂದರೆ ಮಾತ್ರ
ಅಳತೆ ಅನ್ನುವ ಮಾತೇ ಮರೆತು ಉಂಡೆ.

ಹೊಟ್ಟೆ ಇನ್ನು ಮೇಲೆ ಬಾಳೆಹಣ್ಣಿನಷ್ಟು, ಅಂದರು ಡಾಕ್ಟರು.
ಯಾವ ಬಾಳೆ, ಎಂದು ಕೇಳಿದೆ.
ನಕ್ಕರು. ನಗುವಂಥದ್ದೇನಿದೆ?
ಪುಟ್ಟಬಾಳೆಗೂ ಪಚ್ಚಬಾಳೆಗೂ
ವ್ಯತ್ಯಾಸ ಇಲ್ಲವೇ, ತೂಕದವಳಿಗೆ?

ಮೂರನೇ ಚಮಚ ಇಳಿದದ್ದೇ
ಎದೆಯ ನಡುವೆ ಯಾರೋ ಮೊಣಕೈ ಊರುತ್ತಾರೆ.
ಒಂದು ಬಿಕ್ಕಳಿಕೆ ಬಂದು
ಬಾಗಿಲು ಹಾಕಿದೆ ಎಂದು ತಿಳಿಸಿ ಹೋಗುತ್ತದೆ.
ಬಾಯಿಗೆ ಸುದ್ದಿ ಮುಟ್ಟಿಲ್ಲ ಇನ್ನೂ,
ಪಕ್ಕದ ಮನೆಯ ಒಗ್ಗರಣೆಗೆ ಅದು ಎದ್ದು ಕೂರುತ್ತದೆ.
ರಾತ್ರಿ ಹೊಲಿಗೆ ಬಿಚ್ಚಿದ ಕನಸು.
ಹೆಚ್ಚಾಯಿತೇ? ಇಷ್ಟರಲ್ಲಿ ಮನುಷ್ಯರು ಬದುಕುತ್ತಾರೆಯೇ?
ತಕ್ಕಡಿಯ ಎರಡೂ ತಟ್ಟೆಯಲ್ಲಿ ಭಯ,
ಮುಳ್ಳು ನಡುವೆ ನಿಂತು ನಡುಗುತ್ತದೆ.

ಹೆಬ್ಬೆಟ್ಟು ಒತ್ತಲು ಬಂದ ಬೋರಮ್ಮ
ಬೆರಳು ಯಂತ್ರದ ಮೇಲಿಟ್ಟೇ ನನ್ನ ಕೆನ್ನೆ ನೋಡಿದಳು.
'ಇಳಿದುಹೋಗಿದೀಯಲ್ಲೇ, ಶುಗರಾ?'
ಹೂಂ ಅಂದೆ. ಸುಳ್ಳು ಹಗುರ, ಹೊರಬಹುದು.

ಮೇಲಿನ ಮನೆಯ ಫರ್ಹಾನಾಳ ಮಗಳು ಇನಾಯಾ,
ಆರು ತಿಂಗಳು ತುಂಬಿತು, ಅವಳಿಗೂ ಇದೇ ವಾರ ಅಪ್ಪಣೆ.
ಅಟ್ಟದಿಂದ ಅಮ್ಮನ ಹಿತ್ತಾಳೆ ಒಳಲೆ ಇಳಿಸಿ
ಹುಣಸೆಹಣ್ಣು ಹಾಕಿ ತಿಕ್ಕಿದೆ.
ಕೊಕ್ಕಿನಂಥ ಮೂತಿ,
ನನ್ನ ಹಾಲುಹಲ್ಲು ಕಚ್ಚಿದ ಗುರುತು ಹಾಗೇ ಇದೆ.
ಹನ್ನೊಂದು ಗಂಟೆಗೆ ಒಂದೇ ಪಾತ್ರೆಯ ರಾಗಿ ಸರಿ:
ಅವಳಿಗೆ ಒಳಲೆ, ನನಗೆ ಕಾಫಿ ಚಮಚ.
ಮೊದಲ ದಿನ ಇಬ್ಬರದೂ ಎರಡೆರಡು, ಸಮ.
ಗುರುವಾರ ಅವಳು ನಾಲ್ಕು ನುಂಗಿ ನನ್ನನ್ನು ನೋಡಿದಳು,
ಸೋತವರನ್ನು ನೋಡುವ ಹಾಗೆ.

ಐದನೆಯದಕ್ಕೆ ತುಟಿ ಬಿಗಿದಳು,
ಕತ್ತು ತಿರುಗಿಸಿದಳು, ಕೆನ್ನೆಯ ತುಂಬ ರಾಗಿ.
ಫರ್ಹಾನಾ ಬಿಡಳು:
'ಕಾಗೆಗೊಂದು, ಗುಬ್ಬಿಗೊಂದು, ಚಂದಮಾಮನಿಗೊಂದು...'

ಅಮ್ಮನೂ ಹೀಗೇ, ಇದೇ ಒಳಲೆಯಲ್ಲಿ.
ಕಾಗೆಯ ಪಾಲು, ಗುಬ್ಬಿಯ ಪಾಲು, ಚಂದಮಾಮನ ಪಾಲು
ನಲವತ್ತಾರು ವರ್ಷ ನಾನೇ ತಿಂದೆ.
ಆಮೇಲೆ ಗಂಡ ಬಿಟ್ಟದ್ದು, ಮಗ ಬಿಟ್ಟದ್ದು,
ಕೆಟ್ಟುಹೋಗುತ್ತದಲ್ಲ ಎಂದು ರಾತ್ರಿ ಸಾರಿನ ತಳದ್ದು.
ಎಲೆಗೆ ಅಡ್ಡ ಹಿಡಿದ ಕೈಯ
ಬೆರಳ ಸಂದಿಯಲ್ಲೂ ಪಾಯಸ ಸುರಿಯುವ ಊರು ನಮ್ಮದು;
ಬೇಡ ಅಂದರೆ ನಾಚಿಕೆ ಅಂದುಕೊಳ್ಳುತ್ತಾರೆ.

'ಬಿಡೇ ಫರ್ಹಾನಾ, ಸಾಕು ಅಂತಿದಾಳೆ.'
ನನ್ನ ಬಾಯಿಂದಲೇ ಬಂತು.
ಸಾಕು.
ಮುಗಿಸಲೂ ಅದೇ ಮಾತು, ಮಗುವನ್ನು ಬೆಳೆಸಲೂ ಅದೇ.
ಅವಳು ಒಳಲೆ ಕೆಳಗಿಟ್ಟು ನನ್ನ ಮುಖ ನೋಡಿದಳು,
ಮಗುವಿನ ಗದ್ದ ಒರೆಸಿದಳು.

ಬಟ್ಟಲ ತಳದಲ್ಲಿ ಉಳಿದದ್ದು ಒಂದೇ ಒಂದು ಚಮಚ.
ಕೈ ಆಗಲೇ ಹೋಗಿತ್ತು, ಹಳೆಯ ಕೈ.
ಹಿಂದಕ್ಕೆ ತಂದೆ.
ಕಾಂಪೌಂಡಿನ ಮೇಲೆ ಕತ್ತು ಓರೆ ಮಾಡಿ
ಕೂತಿತ್ತು ಕಾಗೆ.
ಕಲ್ಲಿನ ಮೇಲೆ ಸವರಿಟ್ಟೆ:
ತಗೋ, ಬಹಳ ವರ್ಷದ ಬಾಕಿ, ಇವತ್ತಿನ ಕಂತು ಇದು.

ಬಂತು. ಎರಡು ಸಲ ಕುಕ್ಕಿತು,
ಕೊಕ್ಕನ್ನು ಕಲ್ಲಿಗೆ ಒರೆಸಿಕೊಂಡು
ಅರ್ಧ ಬಿಟ್ಟು
ಹಾರಿಹೋಯಿತು.